ಮಾವನ ಕಣ್ಣು ಅಳಿಯನಿಗೆ: ಬಣ್ಣಗುರುಡು ಎಂದರೆ ಏನು, ಅದರ ಜೊತೆ ಬದುಕುವುದು ಹೇಗೆ

ಅಡಿಕೆ ಹೆಕ್ಕುವುದನ್ನು ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಬೆಳಿಗ್ಗೆ ತೋಟಕ್ಕೆ ಇಳಿದರೆ ಸಾಕು, ರಾತ್ರಿ ಉದುರಿದ ಹಣ್ಣಡಿಕೆ ಹುಲ್ಲಿನ ಮಧ್ಯೆ, ತೋಡಿನ ಬದಿಯಲ್ಲಿ, ಸೋಗೆಯ ಅಡಿಯಲ್ಲಿ ಕೆಂಪಗೆ ಬಿದ್ದಿರುತ್ತದೆ. ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ನನಗೂ ಅಣ್ಣನಿಗೂ ಒಂದೊಂದು ಬುಟ್ಟಿ ಸಿಗುತ್ತಿತ್ತು. ನನ್ನ ಬುಟ್ಟಿ ಬೇಗ ತುಂಬುತ್ತಿತ್ತು. ಅಣ್ಣನದು ಅರ್ಧವೂ ಆಗುತ್ತಿರಲಿಲ್ಲ. ಅವನು ನಡೆದು ಹೋದ ದಾರಿಯಲ್ಲೇ ನಾನು ಹಿಂದಿನಿಂದ ಬಂದು ಹತ್ತು ಹದಿನೈದು ಹೆಕ್ಕುತ್ತಿದ್ದೆ.

"ಕಣ್ಣು ಎಲ್ಲಿ ಇಟ್ಟುಕೊಂಡಿದ್ದೀಯಾ ಮಾರಾಯಾ? ಕಾಲ ಬುಡದಲ್ಲೇ ಉಂಟಲ್ಲ!" ಎಂದು ಅಜ್ಜ ಬೈಯುತ್ತಿದ್ದರು.

ಅಣ್ಣ ಏನೂ ಹೇಳುತ್ತಿರಲಿಲ್ಲ. ಬಗ್ಗಿ ಹುಲ್ಲನ್ನು ಅಂಗೈಯಿಂದ ಸವರಿ ಸವರಿ ಹುಡುಕುತ್ತಿದ್ದ. ಉರುಟಾಗಿ ಏನಾದರೂ ತಾಗಿದರೆ ಎತ್ತಿ ಬುಟ್ಟಿಗೆ ಹಾಕುತ್ತಿದ್ದ. ನಾವೆಲ್ಲ ಅವನಿಗೆ ಉದಾಸೀನ ಎಂದೇ ತಿಳಿದಿದ್ದೆವು. ಉದಾಸೀನ ಇದ್ದವನು ನೆಲವನ್ನು ಹಾಗೆ ಸವರುತ್ತಾನಾ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ನಿಜ ಗೊತ್ತಾಗಲು 30 ವರ್ಷ ಬೇಕಾಯಿತು. ಗೊತ್ತು ಮಾಡಿಸಿದ್ದು ನನ್ನ ಮಗ.

ಅವನು ಆಗ ಎರಡನೇ ಕ್ಲಾಸು. ಆಗಸ್ಟ್ 15ಕ್ಕೆ ಬಾವುಟದ ಚಿತ್ರಕ್ಕೆ ಬಣ್ಣ ಹಾಕಿ ತರಲು ಶಾಲೆಯಲ್ಲಿ ಹೇಳಿದ್ದರು. ಮಗ ಮೇಲೆ ಹಸಿರು, ಕೆಳಗೆ ಕೇಸರಿ ಹಚ್ಚಿಕೊಂಡು ಹೋಗಿದ್ದ. ಗೆರೆ ಎಲ್ಲೂ ದಾಟಿರಲಿಲ್ಲ, ಅಷ್ಟು ಚಂದ ಮಾಡಿದ್ದ. ಟೀಚರ್ ಅದನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿ, ಬಾವುಟಕ್ಕೆ ಮರ್ಯಾದೆ ಕೊಡಲು ಗೊತ್ತಿಲ್ವಾ ಎಂದರಂತೆ. ಮಗ ಮನೆಗೆ ಬಂದವನು ಊಟ ಮಾಡಲಿಲ್ಲ. ಸಂಜೆ ಅಣ್ಣ ಬಂದ. ಚಿತ್ರವನ್ನು ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹಿಡಿದು ಸುಮಾರು ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಇದರಲ್ಲಿ ತಪ್ಪು ಎಂತ ಉಂಟು? ಚಂದ ಮಾಡಿದ್ದಾನಲ್ಲ."

ನನಗೆ ಅಜ್ಜನ ಮನೆಯ ತೋಟ ಕಣ್ಣೆದುರು ಬಂದು ನಿಂತಿತು. ಮರುವಾರ ಇಬ್ಬರನ್ನೂ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾವನಿಗೂ ಅಳಿಯನಿಗೂ ಒಂದೇ ಫಲಿತಾಂಶ ಬಂತು. ಕೆಂಪು ಹಸಿರಿನ ಬಣ್ಣಗುರುಡು, ಮಧ್ಯಮ ಮಟ್ಟದ್ದು. ಅಲ್ಲಿಂದ ಇವತ್ತಿನವರೆಗೆ ನಾನು ಓದಿ, ಕೇಳಿ, ಮನೆಯಲ್ಲಿ ದಿನಾ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಣ್ಣಗುರುಡು ಎಂದ ಕೂಡಲೇ ಹೆಚ್ಚಿನವರು ಹಳೆಯ ಕಪ್ಪು ಬಿಳುಪು ಸಿನಿಮಾವನ್ನು ನೆನೆಯುತ್ತಾರೆ. ಅದು ಹಾಗಲ್ಲ. ಅಣ್ಣನಿಗೆ ಆಕಾಶ ನೀಲಿಯಾಗಿಯೇ ಕಾಣುತ್ತದೆ. ಅರಸಿನ ಹಳದಿಯಾಗಿಯೇ ಕಾಣುತ್ತದೆ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಹೊಡೆಯಲು ಮೈಲುತುತ್ತು ಸುಣ್ಣ ಕದಡುವುದು ನಮ್ಮ ಮನೆಯಲ್ಲಿ ಅವನದೇ ಕೆಲಸ. ಆ ಡ್ರಮ್ಮಿನ ನೀಲಿ ಅವನಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತಾಗುತ್ತದೆ. ಕಷ್ಟ ಇರುವುದು ಬೇರೆ ಕಡೆ. ಕೆಂಪು, ಹಸಿರು, ಕಂದು, ಕಿತ್ತಳೆ ಇವೆಲ್ಲ ಅವನಿಗೆ ಅಣ್ಣತಮ್ಮಂದಿರ ಮುಖದ ಹಾಗೆ. ಬೇರೆ ಬೇರೆ ಹೌದು, ಆದರೆ ಥಟ್ಟನೆ ಹೇಳಲು ಆಗುವುದಿಲ್ಲ. ನೀಲಿ ಮತ್ತು ನೇರಳೆ ಕೂಡ ಹಾಗೇ. ತಿಳಿ ಗುಲಾಬಿ ಮತ್ತು ಬೂದು ಕೂಡ. ಹಾಗಾಗಿ ನನಗೆ "ಗುರುಡು" ಎಂಬ ಮಾತೇ ಇಷ್ಟ ಇಲ್ಲ. ಆದರೆ ಎಲ್ಲರಿಗೂ ಅರ್ಥ ಆಗುವ ಪದ ಅದೊಂದೇ. ವರ್ಣಾಂಧತೆ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಅದರ ಒಳಗೂ ಅದೇ ಅರ್ಥ ಕೂತಿದೆ.

ಕಣ್ಣಿನ ಒಳಗೆ ಏನು ನಡೆಯುತ್ತದೆ ಎಂದು ಈಗ ನೋಡೋಣ. ಕಣ್ಣಿನ ಹಿಂಗೋಡೆಯಲ್ಲಿ ರೆಟಿನಾ ಎಂಬ ತೆಳ್ಳಗಿನ ಪದರ ಇದೆ. ಬೆಳಕನ್ನು ಹಿಡಿಯುವ ಎರಡು ಥರದ ಕೋಶಗಳು ಅದರಲ್ಲಿ ಇವೆ. ಒಂದು ಕಡ್ಡಿಯ ಆಕಾರದ್ದು, ಒಂದು ಕಣ್ಣಿಗೆ ಸುಮಾರು 12 ಕೋಟಿ. ಇನ್ನೊಂದು ಶಂಕುವಿನ ಆಕಾರದ್ದು, ಸುಮಾರು 60 ಲಕ್ಷ. ಕಡ್ಡಿಕೋಶ ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಬಣ್ಣದ ಗೊಡವೆ ಇಲ್ಲ. ಬಣ್ಣ ಹೇಳುವುದು ಶಂಕುಕೋಶಗಳು. ಅವುಗಳಲ್ಲಿ ಮೂರು ಬಗೆ. ಒಂದಕ್ಕೆ ನೀಲಿಯ ಕಡೆಯ ಬೆಳಕು ಜಾಸ್ತಿ ತಾಗುತ್ತದೆ, ಒಂದಕ್ಕೆ ಹಸಿರಿನ ಕಡೆಯದ್ದು, ಒಂದಕ್ಕೆ ಕೆಂಪಿನ ಕಡೆಯದ್ದು. ಬೆಳಕಿನ ಅಲೆಯ ಉದ್ದದಲ್ಲಿ ಹೇಳಿದರೆ ಸುಮಾರು 420, 530, 560 ನ್ಯಾನೋಮೀಟರ್. ಈ ಮೂರು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ನೀಲಿ ದೂರದಲ್ಲಿ ಒಂದೇ ಇದೆ. ಹಸಿರು ಮತ್ತು ಕೆಂಪು ಮೈಗೆ ಮೈ ತಾಗಿಸಿಕೊಂಡು ನಿಂತಿವೆ. ಇಡೀ ಕತೆ ಇರುವುದು ಅಲ್ಲೇ.

ಒಂದು ಶಂಕುಕೋಶಕ್ಕೆ ಒಂಟಿಯಾಗಿ ಯಾವ ಬಣ್ಣವೂ ಗೊತ್ತಾಗುವುದಿಲ್ಲ. "ನನಗೆ ಇಷ್ಟು ತಾಗಿತು" ಎಂದು ಮಾತ್ರ ಅದು ಹೇಳುತ್ತದೆ. ಮೂವರು ಸಾಕ್ಷಿಗಳು ಬಂದು ಹೇಳಿಕೆ ಕೊಟ್ಟ ಹಾಗೆ. ಮೂರನ್ನೂ ಹೋಲಿಸಿ ನೋಡಿ, ಇದು ಹಣ್ಣಡಿಕೆ, ಇದು ಹುಲ್ಲು ಎಂದು ತೀರ್ಪು ಕೊಡುವುದು ಮಿದುಳು. ಹೇಳಿಕೆಗಳಲ್ಲಿ ವ್ಯತ್ಯಾಸ ಇದ್ದರೆ ಮಾತ್ರ ತೀರ್ಪು ಬರುತ್ತದೆ. ಹಸಿರಿನ ಸಾಕ್ಷಿ ಮತ್ತು ಕೆಂಪಿನ ಸಾಕ್ಷಿ ಹೆಚ್ಚು ಕಡಿಮೆ ಒಂದೇ ಮಾತು ಹೇಳಿದರೆ? ಆಗ ಮಿದುಳಿಗೆ ಹೋಲಿಸಲು ಏನೂ ಉಳಿಯುವುದಿಲ್ಲ. ಅಣ್ಣನ ಕಣ್ಣಿನಲ್ಲಿ ಆದದ್ದು ಇದೇ. ಅವನ ಹಸಿರು ಶಂಕು ಇದೆ, ಕೆಲಸವೂ ಮಾಡುತ್ತದೆ. ಆದರೆ ಅದು ಕೆಂಪಿನ ಕಡೆಗೆ ಜಾರಿಕೊಂಡಿದೆ. ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗೆ ಇರುವುದು ಈ ಬಗೆಯೇ. ಕೆಲವರಲ್ಲಿ ಹಸಿರು ಶಂಕು ಪೂರ್ತಿ ಇರುವುದಿಲ್ಲ. ಕೆಲವರಲ್ಲಿ ಕೆಂಪಿನದು ಜಾರಿರುತ್ತದೆ, ಅಥವಾ ಇರುವುದೇ ಇಲ್ಲ. ಕೆಂಪು ಶಂಕು ಇಲ್ಲದವರಿಗೆ ಇನ್ನೊಂದು ತೊಂದರೆ ಉಂಟು. ಕೆಂಪು ಅವರಿಗೆ ಮಂಕಾಗಿ, ಕಪ್ಪಿನ ಹತ್ತಿರ ಕಾಣುತ್ತದೆ. ಕರಿಹಲಗೆಯ ಮೇಲೆ ಕೆಂಪು ಚಾಕಿನಲ್ಲಿ ಬರೆದದ್ದು ಅವರ ಪಾಲಿಗೆ ಬರೆಯದ ಹಾಗೆ.

ನೀಲಿ ಶಂಕುವಿನ ತೊಂದರೆ ಬಹಳ ಅಪರೂಪ. ಯಾವ ಬಣ್ಣವೂ ಕಾಣದೆ ಎಲ್ಲ ಬೂದಿಯಾಗಿ ಕಾಣುವುದು ಇನ್ನೂ ಅಪರೂಪ. ಅಂಥವರಿಗೆ ಬಿಸಿಲಿನಲ್ಲಿ ಕಣ್ಣು ಬಿಡಲೂ ಕಷ್ಟ, ದೃಷ್ಟಿಯೂ ಮಂದ. ಅದು ಬೇರೆಯೇ ಸಮಸ್ಯೆ. ಅದನ್ನೂ ಇದನ್ನೂ ಒಂದೇ ಎಂದುಕೊಳ್ಳಬಾರದು.

ಅಣ್ಣನಿಗೆ ಹೇಗೆ ಕಾಣುತ್ತದೆ ಎಂದು ನನಗೆ ಪೂರ್ತಿ ಗೊತ್ತಾಗಲಿಕ್ಕಿಲ್ಲ. ಆದರೆ ಹಣ್ಣಡಿಕೆ ಹೆಕ್ಕುವಾಗ ಅವನಿಗಾಗುವ ಕಷ್ಟದ ಒಂದು ಅಂದಾಜು ಬೇಕಿದ್ದರೆ ಮುಸ್ಸಂಜೆ ತೋಟಕ್ಕೆ ಹೋಗಿ ನಿಲ್ಲಿ. ಬೆಳಕು ಇಳಿದ ಹಾಗೆ ಶಂಕುಕೋಶಗಳು ಒಂದೊಂದಾಗಿ ಕೈಬಿಡುತ್ತವೆ. ಕಡ್ಡಿಕೋಶಗಳು ಮಾತ್ರ ಉಳಿಯುತ್ತವೆ. ಮರ ಕಾಣುತ್ತದೆ, ಹಾದಿ ಕಾಣುತ್ತದೆ, ಬಿದ್ದ ಹಣ್ಣಡಿಕೆ ಎಲ್ಲಿ ಎಂದು ಮಾತ್ರ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಬುಟ್ಟಿಯೂ ಅಣ್ಣನ ಬುಟ್ಟಿಯೂ ಸಮ.

ಇನ್ನು, ಇದು ಎಲ್ಲಿಂದ ಬರುತ್ತದೆ? ಇದನ್ನು ಅರ್ಥ ಮಾಡಿಕೊಳ್ಳಲು ತುಳುನಾಡಿನ ನಮಗೆ ಬೇರೆಯವರಿಗಿಂತ ಸುಲಭ ಎಂದು ನನಗೆ ಅನಿಸುತ್ತದೆ. ಯಾಕೆಂದರೆ ಅಳಿಯಸಂತಾನ ನಮಗೆ ಹೊಸ ಮಾತಲ್ಲ. ಹಿಂದೆ ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿಯ ಯಜಮಾನಿಕೆ ಅಪ್ಪನಿಂದ ಮಗನಿಗೆ ಹೋಗುತ್ತಿರಲಿಲ್ಲ, ಸೋದರಮಾವನಿಂದ ಅಳಿಯನಿಗೆ ಹೋಗುತ್ತಿತ್ತು. ಮಧ್ಯದಲ್ಲಿ ಸೇತುವೆಯ ಹಾಗೆ ಇರುವವಳು ಹೆಂಗಸು. ಒಬ್ಬನಿಗೆ ತಂಗಿ, ಇನ್ನೊಬ್ಬನಿಗೆ ತಾಯಿ. ಕೇರಳದಲ್ಲಿ 1975ರ ಕಾನೂನು ಆ ಆಸ್ತಿಕಟ್ಟನ್ನು ಮುಗಿಸಿತು. ಕೆಂಪು ಹಸಿರಿನ ಬಣ್ಣಗುರುಡು ಮಾತ್ರ ಇವತ್ತಿಗೂ ಅದೇ ಕಟ್ಟಿನಲ್ಲಿ ನಡೆಯುತ್ತಿದೆ. ಎಲ್ಲ ದೇಶದಲ್ಲೂ, ಎಲ್ಲ ಜಾತಿಯಲ್ಲೂ.

ಕಾರಣ ಇಷ್ಟೇ. ಕೆಂಪು ಮತ್ತು ಹಸಿರು ಶಂಕುಗಳನ್ನು ಮಾಡುವ ಜೀನ್‌ಗಳು, ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಸೂಚನೆಗಳು, ಎಕ್ಸ್ ಕ್ರೋಮೋಸೋಮ್ ಎಂಬ ಎಳೆಯ ಮೇಲೆ ಅಕ್ಕಪಕ್ಕ ಕೂತಿವೆ. ಎರಡೂ ನೋಡಲು ಹೆಚ್ಚು ಕಡಿಮೆ ಒಂದೇ ಥರ ಇರುವುದರಿಂದ, ತಾಯಿಯ ಅಂಡಾಣು ತಯಾರಾಗುವ ಹೊತ್ತಿಗೆ ಒಂದರ ತುಂಡು ಇನ್ನೊಂದಕ್ಕೆ ಅದಲುಬದಲಾಗುವುದು ಸುಲಭ. ಹೀಗೆ ಕೆಟ್ಟ ಎಕ್ಸ್ ಒಂದು ಮನೆತನದೊಳಗೆ ಬಂದರೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ. ಹೆಂಗಸಿಗೆ ಎರಡು ಎಕ್ಸ್. ಒಂದು ಕೆಟ್ಟಿದ್ದರೂ ಇನ್ನೊಂದು ಸುಧಾರಿಸಿಕೊಂಡು ಹೋಗುತ್ತದೆ. ಅವಳಿಗೆ ಬಣ್ಣ ಸರಿಯಾಗಿಯೇ ಕಾಣುತ್ತದೆ. ಗಂಡಸಿಗೆ ಇರುವುದು ಒಂದೇ ಎಕ್ಸ್, ಅದೂ ಅಮ್ಮನಿಂದ ಬಂದದ್ದು. ಅದು ಕೆಟ್ಟಿದ್ದರೆ ಬದಲಿ ಇಲ್ಲ.

ಹಾಗಾಗಿ ಬಣ್ಣಗುರುಡು ಇರುವ ಅಪ್ಪನಿಂದ ಮಗನಿಗೆ ಇದು ಬರುವುದೇ ಇಲ್ಲ. ಮಗನಿಗೆ ಅಪ್ಪ ಕೊಡುವುದು ವೈ ಕ್ರೋಮೋಸೋಮ್. ಹೆಣ್ಣುಮಕ್ಕಳಿಗೆ ಮಾತ್ರ ಅವನ ಎಕ್ಸ್ ಖಂಡಿತ ಹೋಗುತ್ತದೆ. ಅವರು ಅದನ್ನು ಹೊತ್ತುಕೊಂಡು ನಡೆಯುವವರಾಗುತ್ತಾರೆ. ಹೊತ್ತುಕೊಂಡ ತಾಯಿಯ ಪ್ರತಿ ಗಂಡುಮಗುವಿಗೂ ಸಾಧ್ಯತೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ಯುರೋಪಿನ ಮೂಲದವರಲ್ಲಿ ಸುಮಾರು 12 ಗಂಡಸರಲ್ಲಿ ಒಬ್ಬನಿಗೆ ಇದು ಇದೆ, ಹೆಂಗಸರಲ್ಲಿ 200ಕ್ಕೆ ಒಬ್ಬಳು. ನಮ್ಮ ದೇಶದಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆ. ಆದರೂ ಒಂದು ದೊಡ್ಡ ಶಾಲೆಯಲ್ಲಿ ಇಂಥ ಹುಡುಗರು ಕೆಲವರಾದರೂ ಇದ್ದೇ ಇರುತ್ತಾರೆ.

ಇದೆಲ್ಲ ಗೊತ್ತಾದ ಮೇಲೆ ಅಜ್ಜಿಯ ಹತ್ತಿರ ಹೋಗಿ ಕೂತೆ. ಹಿಂದೆ ನಮ್ಮಲ್ಲಿ ಯಾರಿಗಾದರೂ ಹೀಗೆ ಇತ್ತಾ ಎಂದು ಕೇಳಿದೆ. ಅಜ್ಜಿ ಸ್ವಲ್ಪ ಯೋಚಿಸಿದರು. "ನನ್ನ ಅಣ್ಣನಿಗೆ ಹಸಿರು ರವಕೆ ಕಣ ತಾ ಎಂದರೆ ಕಂದು ತರುತ್ತಿದ್ದ. ಅಂಗಡಿಯವ ಮೋಸ ಮಾಡಿದ ಎಂದು ಅಮ್ಮ ಅಂಗಡಿಯವನಿಗೆ ಬೈಯುತ್ತಿದ್ದರು" ಎಂದರು. ನಾನು ಕಾಗದದ ಮೇಲೆ ಗೆರೆ ಎಳೆದೆ. ಅಜ್ಜಿಯ ಅಣ್ಣ. ಆಮೇಲೆ ಅಜ್ಜಿ, ಅಮ್ಮ. ಅಮ್ಮನ ಅಣ್ಣತಮ್ಮ ಇಬ್ಬರಿಗೂ ನಾಣ್ಯ ಸರಿಯಾದ ಬದಿಗೆ ಬಿದ್ದಿದೆ, ಅವರಿಗೆ ಏನೂ ಇಲ್ಲ. ನನ್ನ ಅಣ್ಣನಿಗೆ ಬಂತು. ನನ್ನ ಮೂಲಕ ಮಗನಿಗೆ ಬಂತು. ಅಜ್ಜಿ, ಅಮ್ಮ, ನಾನು, ಮೂವರೂ ಒಂದು ಹಣ್ಣಡಿಕೆಯನ್ನೂ ಬಿಡದೆ ಹೆಕ್ಕಿದವರು. ಮೂವರೂ ಅದನ್ನು ಹೊತ್ತಿದ್ದೆವು. ಇದನ್ನು ತಿಳಿದಾಗ ನನಗೆ ಮೊದಲು ಬೇಜಾರಾಯಿತು, ನಾನೇ ಮಗನಿಗೆ ಏನೋ ಮಾಡಿದೆ ಎನ್ನುವ ಹಾಗೆ. ಈ ಲೇಖನ ಓದುವ ಅಮ್ಮಂದಿರಿಗೂ ಹಾಗೆ ಅನಿಸಬಹುದು. ದಯವಿಟ್ಟು ಹಾಗೆ ಎಣಿಸಬೇಡಿ. ಅಮ್ಮನ ಮೂಗು ಮಗನಿಗೆ ಬಂದ ಹಾಗೆಯೇ ಇದೂ. ಯಾರ ತಪ್ಪೂ ಅಲ್ಲ.

ಹೆಣ್ಣಿಗೂ ಬರಬೇಕಾದರೆ ಅಪ್ಪನಿಗೆ ಬಣ್ಣಗುರುಡು ಇರಬೇಕು, ಅಮ್ಮನ ಕಡೆಯಿಂದಲೂ ಒಂದು ಕೆಟ್ಟ ಎಕ್ಸ್ ಬರಬೇಕು. ಮಾವನ ಮಗಳನ್ನು ಮದುವೆಯಾಗುವ ಪದ್ಧತಿ ನಮ್ಮ ಕಡೆ ಕೆಲವು ಮನೆಗಳಲ್ಲಿ ಉಂಟಲ್ಲ, ಅಲ್ಲಿ ಇದು ಸುಲಭ. ಮಾವನಿಗೂ ಅಳಿಯನಿಗೂ ಇದೆ ಎಂದಿಟ್ಟುಕೊಳ್ಳಿ. ಮಾವನ ಮಗಳು ಖಂಡಿತ ಹೊತ್ತವಳು. ಅವರಿಬ್ಬರಿಗೆ ಹುಟ್ಟುವ ಗಂಡಿಗೂ ಹೆಣ್ಣಿಗೂ ಅರ್ಧಕ್ಕರ್ಧ ಸಾಧ್ಯತೆ.

ಈ ವಿಷಯವನ್ನು ಮೊದಲು ವಿಜ್ಞಾನದ ಕಣ್ಣಿನಿಂದ ನೋಡಿ ಬರೆದವರಲ್ಲಿ ಇಂಗ್ಲೆಂಡಿನ ಜಾನ್ ಡಾಲ್ಟನ್ ಮುಖ್ಯ. ಶಾಲೆಯಲ್ಲಿ ಪರಮಾಣು ಸಿದ್ಧಾಂತದಲ್ಲಿ ಓದುತ್ತೇವಲ್ಲ, ಅದೇ ಡಾಲ್ಟನ್. ಹಗಲಿನಲ್ಲಿ ಆಕಾಶನೀಲಿಯಾಗಿ ಕಾಣುತ್ತಿದ್ದ ಜೆರೇನಿಯಂ ಹೂವು ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಅವನಿಗೆ ಬೇರೆಯೇ ಆಗಿ ಕಂಡಿತು. ಉಳಿದವರಿಗೆ ಹಾಗೆ ಬದಲಾಗಲಿಲ್ಲ, ಅವನ ಅಣ್ಣನಿಗೆ ಮಾತ್ರ ಬದಲಾಯಿತು. 1794ರಲ್ಲಿ ಮ್ಯಾಂಚೆಸ್ಟರಿನ ಒಂದು ವಿದ್ವತ್ ಸಭೆಯಲ್ಲಿ ಅವನು ಇದನ್ನು ಹೇಳಿದ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು ಎಂದು ಅವನ ಊಹೆ. ಸತ್ತ ಮೇಲೆ ಕಣ್ಣು ತೆಗೆದು ನೋಡಿ ಎಂದು ಹೇಳಿಟ್ಟಿದ್ದ. 1844ರಲ್ಲಿ ನೋಡಿದರು. ದ್ರವ ನೀರಿನ ಹಾಗೆ ತಿಳಿಯಾಗಿತ್ತು. ಆ ಕಣ್ಣನ್ನು ಜೋಪಾನ ಮಾಡಿ ಇಟ್ಟಿದ್ದರು. 150 ವರ್ಷ ಕಳೆದು, 1995ರಲ್ಲಿ, ಅದರ ಡಿಎನ್‌ಎ ಪರೀಕ್ಷೆ ಮಾಡಿದಾಗ ಅವನಿಗೆ ಹಸಿರು ಶಂಕು ಇರಲಿಲ್ಲ ಎಂದು ಗೊತ್ತಾಯಿತು. ಊಹೆ ತಪ್ಪಾದರೂ ತನ್ನ ಕಣ್ಣನ್ನೇ ಪರೀಕ್ಷೆಗೆ ಕೊಟ್ಟ ಆ ಮನುಷ್ಯನ ಮೇಲೆ ನನಗೆ ತುಂಬ ಗೌರವ.

ಪರೀಕ್ಷೆ ಈಗ ಐದು ನಿಮಿಷದ ಕೆಲಸ. ಜಪಾನಿನ ಡಾಕ್ಟರ್ ಶಿನೋಬು ಇಶಿಹಾರ 1917ರಲ್ಲಿ ಹೊರತಂದ ಚುಕ್ಕಿ ಚಿತ್ರಗಳ ಪುಸ್ತಕವನ್ನೇ ಇವತ್ತಿಗೂ ಬಳಸುತ್ತಾರೆ. ದೊಡ್ಡ ಚಿಕ್ಕ ಚುಕ್ಕಿಗಳ ಒಂದು ವೃತ್ತ, ಅದರೊಳಗೆ ಬೇರೆ ಬಣ್ಣದ ಚುಕ್ಕಿಗಳಲ್ಲಿ ಒಂದು ಸಂಖ್ಯೆ. ಮೊದಲ ಹಾಳೆಯ 12 ಎಲ್ಲರಿಗೂ ಕಾಣುತ್ತದೆ. ಆಮೇಲೆ ಶುರು. ನನಗೆ 74 ಎಂದು ಸ್ಪಷ್ಟವಾಗಿ ಕಂಡ ಹಾಳೆಯನ್ನು ಅಣ್ಣ 21 ಎಂದು ಓದಿದ. ಪಕ್ಕದಲ್ಲಿ ಕೂತ ಮಗನೂ ತಡಮಾಡದೆ 21 ಎಂದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಣ್ಣನ ಮುಖದಲ್ಲಿ ಆಗ ಕಂಡದ್ದು ದುಃಖ ಅಲ್ಲ. ತನ್ನ ಹಾಗೆ ನೋಡುವವನು ಇನ್ನೊಬ್ಬ ಇದ್ದಾನೆ ಎಂಬ ಸಮಾಧಾನ ಅದು.

ಈ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಒಂದೊಂದು ಸ್ಕ್ರೀನಿನಲ್ಲಿ ಬಣ್ಣ ಒಂದೊಂದು ಥರ. ಹಗಲು ಬೆಳಕಿನಲ್ಲಿ, ಮುಕ್ಕಾಲು ಮೀಟರ್ ದೂರದಲ್ಲಿ, ಅಚ್ಚು ಹಾಕಿದ ಪುಸ್ತಕದಲ್ಲೇ ನೋಡಬೇಕು. ಇಶಿಹಾರ ಪುಸ್ತಕ ಇದೆಯೋ ಇಲ್ಲವೋ ಎಂದು ಹೇಳುತ್ತದೆ. ಎಷ್ಟು ಮಟ್ಟದ್ದು ಎಂದು ತಿಳಿಯಲು ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುವಂಥ ಬೇರೆ ಪರೀಕ್ಷೆಗಳಿವೆ. ಮಕ್ಕಳನ್ನು ಶಾಲೆಗೆ ಸೇರಿಸುವ ಹೊತ್ತಿಗೇ ಒಮ್ಮೆ ತೋರಿಸಿದರೆ ಒಳ್ಳೆಯದು. ಅಂಕಿ ಓದಲು ಬಾರದ ಮಕ್ಕಳಿಗೆ ಬೆರಳಿನಿಂದ ಹಾದಿ ಹಿಡಿದು ಹೋಗುವ ಹಾಳೆಗಳೂ ಅದರಲ್ಲಿ ಇವೆ.

ಎಲ್ಲ ಬಣ್ಣಗುರುಡು ಹುಟ್ಟಿನಿಂದಲೇ ಬಂದದ್ದಲ್ಲ. ನಿನ್ನೆಯವರೆಗೆ ಸರಿ ಇದ್ದವರಿಗೆ ಬಣ್ಣ ಮಂಕಾದರೆ, ಅದೂ ಒಂದೇ ಕಣ್ಣಿಗೆ ಆದರೆ, ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಸಕ್ಕರೆ ಕಾಯಿಲೆ, ಗ್ಲಾಕೋಮಾ, ಕಣ್ಣಿನ ನರದ ಊತ ಯಾವುದೂ ಇರಬಹುದು. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಮಾತ್ರೆ ಕೆಲವರಲ್ಲಿ ಕಣ್ಣಿನ ನರಕ್ಕೆ ತೊಂದರೆ ಮಾಡುತ್ತದೆ. ಕೆಂಪು ಹಸಿರು ಮಂಕಾಗುವುದು ಅದರ ಮೊದಲ ಸೂಚನೆಯಾಗಿರಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಆ ದಿನವೇ ಹೋಗಿ ಹೇಳಿ.

ಇದಕ್ಕೆ ಮದ್ದು ಉಂಟಾ ಎಂದು ಎಲ್ಲರೂ ಕೇಳುತ್ತಾರೆ. ಹುಟ್ಟಿನಿಂದ ಬಂದದ್ದಕ್ಕೆ ಇಲ್ಲ. ಎಲೆಮದ್ದು, ಕಣ್ಣಿನ ವ್ಯಾಯಾಮ, ಹನಿ, ಯಾವುದೂ ಶಂಕುಕೋಶವನ್ನು ಬದಲಿಸುವುದಿಲ್ಲ. ಗುಣ ಮಾಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಬಣ್ಣದ ಕನ್ನಡಕಗಳು ಬಂದಿವೆ. ಕೆಲವು ಬಣ್ಣಗಳ ನಡುವಿನ ಅಂತರವನ್ನು ಅವು ಎತ್ತಿ ತೋರಿಸುತ್ತವೆ. ಹಾಗೆ ಮಾಡುವಾಗ ಬೇರೆ ಕೆಲವು ಬಣ್ಣ ಬದಲಾಗುತ್ತವೆ. ಕನ್ನಡಕ ತೆಗೆದರೆ ಎಲ್ಲ ಮೊದಲಿನ ಹಾಗೆ. ಬೆಲೆಯೂ ಜಾಸ್ತಿ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಹುಟ್ಟಿನಿಂದ ಕೆಂಪು ಹಸಿರು ಗೊತ್ತಾಗದ ಮಂಗಗಳ ಕಣ್ಣಿಗೆ ಜೀನ್ ಸೇರಿಸಿ, ಅವು ಎರಡನ್ನೂ ಬೇರೆ ಮಾಡುವ ಹಾಗೆ ಮಾಡಿದರು. ಅವುಗಳಲ್ಲಿ ಒಂದು ಮಂಗನ ಹೆಸರು ಡಾಲ್ಟನ್. ಮನುಷ್ಯರಿಗೆ ಅಂಥ ಚಿಕಿತ್ಸೆ ಇನ್ನೂ ಬಂದಿಲ್ಲ.

ಹಾಗಾದರೆ ದಿನಾ ಬದುಕುವುದು ಹೇಗೆ? ಅಣ್ಣನನ್ನು ನೋಡಿ ನಾನು ಕಲಿತದ್ದು ಇಲ್ಲೇ. ಬಣ್ಣ ಕೈಕೊಟ್ಟಲ್ಲಿ ಅವನು ಬೇರೆ ಎಷ್ಟೋ ಗುರುತು ಇಟ್ಟುಕೊಂಡಿದ್ದಾನೆ. ಒಳ್ಳೆಮೆಣಸು ಕೊಯ್ಯುವ ಹೊತ್ತಿಗೆ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗಿರಬೇಕು. ನಾವು ಏಣಿಯ ಕೆಳಗಿನಿಂದಲೇ ನೋಡಿ ಹೇಳುತ್ತೇವೆ. ಅಣ್ಣ ಏಣಿ ಹತ್ತಿ ಗೊಂಚಲನ್ನು ಅಂಗೈ ಮೇಲೆ ಮಲಗಿಸುತ್ತಾನೆ. ಹೆಬ್ಬೆರಳಿನಿಂದ ಕಾಳುಗಳ ಮೇಲೆ ಮೆಲ್ಲ ಒತ್ತಿ ಮೇಲಿನಿಂದ ಕೆಳಗೆ ಬರುತ್ತಾನೆ. ಹಣ್ಣಾದ ಕಾಳಿನ ಸಿಪ್ಪೆ ಬೆರಳಿನ ಕೆಳಗೆ ಜಾರುತ್ತದೆ, ಎಳೆಯದು ಕಲ್ಲಿನ ಹಾಗೆ ನಿಲ್ಲುತ್ತದೆ. ಜಾರಿದರೆ ಕೊಯ್ಯುತ್ತಾನೆ, ಇಲ್ಲದಿದ್ದರೆ ಬಿಡುತ್ತಾನೆ. ಯಕ್ಷಗಾನದಲ್ಲಿ ವೇಷವನ್ನು ಕಿರೀಟದಿಂದ, ಹೆಜ್ಜೆಯಿಂದ, ಚೆಂಡೆಯ ಪೆಟ್ಟಿನಿಂದ ಗುರುತು ಹಿಡಿಯುತ್ತಾನೆ. ಒಣ ತರಗೆಲೆಯ ಮಧ್ಯೆ ಅಲುಗಾಡದೆ ಮಲಗಿದ ಕೊಳಕುಮಂಡಲವನ್ನು ನಮ್ಮೆಲ್ಲರಿಗಿಂತ ಮೊದಲು ಕಂಡವನೂ ಅವನೇ. ಬಣ್ಣದ ಗೊಂದಲಕ್ಕೆ ಸಿಕ್ಕಿಕೊಳ್ಳದೆ ಆಕಾರ, ಮೈಯ ಚಿತ್ತಾರ ಇವನ್ನು ಇಂಥವರು ಬೇಗ ಹಿಡಿಯುತ್ತಾರೆ ಎಂದು ಕೆಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಇಷ್ಟೆಲ್ಲ ಉಪಾಯ ಇದ್ದುದರಿಂದಲೇ 30 ವರ್ಷ ಯಾರಿಗೂ ಗೊತ್ತಾಗಲಿಲ್ಲ ನೋಡಿ.

ಆದರೆ ಉಪಾಯ ಸಾಲದ ಜಾಗಗಳೂ ಇವೆ. ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಕೀಟನಾಶಕದ ಡಬ್ಬಿ. ನಮ್ಮ ದೇಶದಲ್ಲಿ ಅದರ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆಯದ್ದಕ್ಕೆ ಹಸಿರು. ಅಂದರೆ ಅತಿ ಘೋರಕ್ಕೂ ಅತಿ ಕಡಿಮೆಗೂ ಇಟ್ಟದ್ದು ಅಣ್ಣನಿಗೆ ಬೇರೆ ಮಾಡಲಾಗದ ಎರಡು ಬಣ್ಣ! ಎಂಡೋಸಲ್ಫಾನ್ ಏನು ಮಾಡಿತು ಎಂದು ಕಣ್ಣಾರೆ ಕಂಡ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತ್ರಿಕೋನದ ಮೇಲೆ ಬುರುಡೆ ಮತ್ತು ಎಲುಬಿನ ಚಿತ್ರ ಇದ್ದರೆ ಅದು ಕೆಂಪು ಗುಂಪಿನದು. ಬಣ್ಣ ನೋಡಬೇಡಿ, ಆ ಚಿತ್ರವನ್ನು ಹುಡುಕಿ, ಜೊತೆಗಿರುವ ಅಕ್ಷರ ಓದಿ. ನಮ್ಮ ಮನೆಯಲ್ಲಿ ಡಬ್ಬಿ ತಂದ ದಿನವೇ ಮಾರ್ಕರಿನಲ್ಲಿ ದೊಡ್ಡದಾಗಿ ಕನ್ನಡದಲ್ಲಿ ಬರೆದು ಇಡುತ್ತೇವೆ.

ಅಂಗಡಿಯ ಪೊಟ್ಟಣಗಳಲ್ಲಿ ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ಚುಕ್ಕಿ ಇತ್ತು. ಎರಡೂ ಚುಕ್ಕಿಯೇ ಆದರೆ ಇವರಿಗೆ ಏನು ತಿಳಿಯಬೇಕು? ಈಗ ನಿಯಮ ಬದಲಾಗಿ ಮಾಂಸಾಹಾರಕ್ಕೆ ತ್ರಿಕೋನ ಬಂದಿದೆ. ಚಿಕ್ಕ ಬದಲಾವಣೆ, ದೊಡ್ಡ ಉಪಕಾರ. ಇನ್ವರ್ಟರಿನ ದೀಪ ಕೆಂಪೋ ಹಸಿರೋ, ಕರೆಂಟಿನ ವಯರಿನಲ್ಲಿ ಫೇಸ್ ಯಾವುದು ಅರ್ತ್ ಯಾವುದು ಎಂಬಲ್ಲೆಲ್ಲ ಅಣ್ಣ ಇನ್ನೊಬ್ಬರನ್ನು ಕೇಳಿಯೇ ಮುಟ್ಟುತ್ತಾನೆ. ಕೇಳಲು ನಾಚಿಕೆ ಇಲ್ಲದ ಹಾಗೆ ಮನೆಯವರು ಇರಬೇಕು, ಅಷ್ಟೇ.

ಶಾಲೆಯ ಮಾತು ಇನ್ನೂ ಮುಖ್ಯ. ಮಗನ ಕ್ರೇಯಾನಿನ ಪ್ರತಿ ಕಡ್ಡಿಗೂ ಚೀಟಿ ಸುತ್ತಿ ಬಣ್ಣದ ಹೆಸರು ಬರೆದೆ. ಕೇಸರಿ, ಹಸಿರು, ಕಂದು. ಟೀಚರ್ ಹತ್ತಿರ ಡಾಕ್ಟರ ಚೀಟಿ ಹಿಡಿದುಕೊಂಡು ಹೋಗಿ ಮಾತಾಡಿದೆ. ಅವರಿಗೆ ಪಾಪ, ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮಗನನ್ನು ಕರೆದು ಬೆನ್ನು ಸವರಿದರಂತೆ. ಟೀಚರುಗಳಿಗೆ ನನ್ನ ವಿನಂತಿ ಇಷ್ಟೇ. ಭೂಪಟದಲ್ಲಿ "ಹಸಿರು ಬಣ್ಣದ ಭಾಗ ನೋಡಿ" ಎನ್ನುವ ಜೊತೆಗೆ ಆ ಭಾಗದ ಮೇಲೆ ಬೆರಳಿಡಿ. ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುವಾಗ ಅಡಿಗೆರೆಯನ್ನೂ ಹಾಕಿ. ಗ್ರಾಫಿನ ಗೆರೆಗಳಲ್ಲಿ ಒಂದು ನೇರ, ಒಂದು ತುಂಡು ತುಂಡು ಇರಲಿ. ಮತ್ತೆ, ಗೆಳೆಯರು ಗುಂಪುಕಟ್ಟಿ "ಇದು ಯಾವ ಬಣ್ಣ ಹೇಳು, ಅದು ಯಾವ ಬಣ್ಣ ಹೇಳು" ಎಂದು ಪರೀಕ್ಷೆ ಮಾಡಲು ಬಿಡಬೇಡಿ. ಅದು ಮಕ್ಕಳಿಗೆ ತುಂಬ ನೋವು ಮಾಡುತ್ತದೆ.

ಕೆಲಸದ ವಿಷಯದಲ್ಲಿ ಬೇಗ ತಿಳಿದಷ್ಟು ಒಳ್ಳೆಯದು. ರೈಲಿನ ಲೋಕೋ ಪೈಲಟ್, ವಿಮಾನದ ಪೈಲಟ್, ನೌಕಾಪಡೆಯ ಹಲವು ಹುದ್ದೆಗಳಿಗೆ ಬಣ್ಣದ ದೃಷ್ಟಿ ಕಡ್ಡಾಯ. ನಮ್ಮ ಊರಿನ ಒಬ್ಬ ಹುಡುಗ ರೈಲ್ವೆ ಪರೀಕ್ಷೆ ಎಲ್ಲ ಪಾಸಾಗಿ, ಕೊನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಚುಕ್ಕಿಪುಸ್ತಕದ ಎದುರು ಕೂತಾಗ ಮೊದಲ ಸಲ ತನಗೆ ಹೀಗೆ ಇದೆ ಎಂದು ತಿಳಿದುಕೊಂಡ. ಎಸ್ಸೆಸ್ಸೆಲ್ಸಿ ಮುಗಿಸಿ ಪ್ಲಸ್ ಟುಗೆ ವಿಷಯ ಆರಿಸುವ ಮೊದಲೇ ಗೊತ್ತಿದ್ದರೆ ಅವನು ಅದರ ತಯಾರಿಗೆ ಹಾಕಿದ ಮೂರು ವರ್ಷವನ್ನು ಬೇರೆ ಕಡೆ ಹಾಕುತ್ತಿದ್ದ.

ಬಾಗಿಲು ತೆರೆದ ಕಡೆಗಳೂ ಇವೆ. 2020ರ ಜೂನಿನಲ್ಲಿ ಕೇಂದ್ರ ಸಾರಿಗೆ ಇಲಾಖೆ ನಿಯಮ ತಿದ್ದಿತು. ಸೌಮ್ಯ ಮತ್ತು ಮಧ್ಯಮ ಮಟ್ಟದ ಬಣ್ಣಗುರುಡು ಇರುವವರಿಗೆ ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ. ತೀವ್ರ ಇದ್ದರೆ ಇಲ್ಲ. ಸಿಗ್ನಲ್ಲಿನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ ಎಂದು ಸ್ಥಾನದಿಂದಲೇ ಗುರುತಿಸಬಹುದಲ್ವಾ? ಅಣ್ಣ ಹಾಗೆಯೇ ಓಡಿಸುತ್ತಾನೆ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನಲ್ಲಿ ಬಣ್ಣಗುರುಡು ಇದ್ದವರಿಗೂ ಪ್ರವೇಶ ಕೊಡಬೇಕು ಎಂದು ಹೇಳಿತು. ಚಿತ್ರದ ಎಡಿಟಿಂಗ್ ಕಲಿಯಲು ಹೊರಟವನೊಬ್ಬ ಹೂಡಿದ ಮೊಕದ್ದಮೆ ಅದು. ಇನ್ನೊಂದು ಕಡೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಬಣ್ಣಗುರುಡು ಇಲ್ಲ. ಹಾಗಾಗಿ ಮೀಸಲಾತಿಯ ಅನುಕೂಲ ಸಿಗುವುದಿಲ್ಲ.

ಮಗ ಈಗ ಆರನೇ ಕ್ಲಾಸು. ರಜೆಯಲ್ಲಿ ಮಾವನ ಜೊತೆ ಏಣಿ ಹತ್ತುತ್ತಾನೆ. ಹೆಬ್ಬೆರಳಿನಿಂದ ಮೆಣಸು ಒತ್ತಲು ಕಲಿತಿದ್ದಾನೆ. ಮಗಳಿಗೆ ಆರು ವರ್ಷ. ಮನೆಯಲ್ಲಿ ತನ್ನ ಅಣ್ಣನ ಪಕ್ಕ ಕೂತು, ಚೀಟಿ ಕಿತ್ತುಹೋದ ಕ್ರೇಯಾನುಗಳನ್ನು ಅವಳೇ ಎತ್ತಿ ಕೊಡುತ್ತಾಳೆ. "ಇದು ಹಸಿರು ಅಣ್ಣಾ, ಇದು ಕಂದು." ಅವಳಲ್ಲಿ ಆ ಎಕ್ಸ್ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ, ಅದೂ ಅರ್ಧಕ್ಕರ್ಧ. ಅಜ್ಜಿಯ ಎದುರು ಕೂತು ಗೆರೆ ಎಳೆದ ಆ ಕಾಗದವನ್ನು ಜೋಪಾನ ಮಾಡಿ ಇಟ್ಟಿದ್ದೇನೆ. ಅವಳು ದೊಡ್ಡವಳಾದ ಮೇಲೆ ಕೊಡಬೇಕು. ಮುಂದೆ ಅವಳ ಮಗ ಬಾವುಟಕ್ಕೆ ಮೇಲೆ ಹಸಿರು ಹಚ್ಚಿಕೊಂಡು ಬಂದರೆ ಅವಳಿಗೆ ಆ ಸಂಜೆಯೇ ಗೊತ್ತಾಗಬೇಕು.